ಮಂಗಳವಿಲ್ಲದ ಪಾರಾಯಣ

ಪಕ್ಕದ ಮನೆಯ ಆಂಟಿಗೆ ನಾನು ಅವರೇ ಬರೆದ ಪುಸ್ತಕವನ್ನು ಓದಿ ಹೇಳುತ್ತಿದ್ದೆ. ಬರೆದವರಿಗೇ ಓದಿ ಹೇಳುವುದೇನು ಎಂದು ನಮ್ಮ ಯಜಮಾನರು ನಕ್ಕಿದ್ದರು. ಆಂಟಿಯ ಕಣ್ಣು ಹೋಗಿತ್ತು. ಪೂರ್ತಿ ಕತ್ತಲೆಯಲ್ಲ. ನಟ್ಟನಡುವೆ ಮಸಿ ಬಳಿದ ಹಾಗೆ, ಅಂಚಿನಲ್ಲಿ ಮಾತ್ರ ಅಷ್ಟಿಷ್ಟು ಕಾಣುವುದು. ನನ್ನ ಮುಖ ನೋಡಬೇಕೆಂದರೆ ಅವರು ಫ್ರಿಜ್ಜಿನ ಕಡೆ ತಿರುಗುತ್ತಿದ್ದರು. ಮೊದಮೊದಲು ನನ್ನ ಮೇಲೆ ಏನೋ ಬೇಜಾರು ಅಂದುಕೊಂಡಿದ್ದೆ.

ನಾವು ಅಡಿಲೇಡಿಗೆ ಬರಬೇಕೆಂದು ಬಂದವರಲ್ಲ. ಮೊದಲು ಪರ್ತ್‌ನಲ್ಲಿದ್ದೆವು. ವೆಲ್ಷ್‌ಪೂಲ್‌ನಲ್ಲಿ ಗಣಿಯ ಯಂತ್ರಗಳನ್ನು ರಿಪೇರಿ ಮಾಡುವ ಕಂಪನಿಯೊಂದರಲ್ಲಿ ಯಜಮಾನರು ಎಂಜಿನಿಯರ್ ಆಗಿದ್ದರು. ಗಣಿಗಳ ಕೆಲಸ ಇಳಿಮುಖವಾದ ವರ್ಷ ಅವರ ವಿಭಾಗವನ್ನೇ ಮುಚ್ಚಿಬಿಟ್ಟರು. ಅಷ್ಟು ಹೊತ್ತಿಗೆ ಮಗಳು ಓದಲು ಬ್ರಿಸ್ಬೇನಿಗೆ ಹೋಗಿಯಾಗಿತ್ತು. ಎಷ್ಟೋ ಅಲೆದ ಮೇಲೆ ಇಲ್ಲಿ ಬೆಡ್‌ಫರ್ಡ್ ಪಾರ್ಕಿನ ದೊಡ್ಡ ಆಸ್ಪತ್ರೆಯಲ್ಲಿ ಏಸಿ, ಬಾಯ್ಲರ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಓದಿದ್ದಕ್ಕೆ ಕಡಿಮೆಯೇ. ಆದರೂ ನಾನು ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ.

ಅದು ನನ್ನ ಅಭ್ಯಾಸ. ಸಂಜೆ ದೀಪ ಹಚ್ಚಿದ ಮೇಲೆ ಆ ದಿನ ದೇವರು ಮಾಡಿದ ಉಪಕಾರಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ಹೇಳಿಕೊಳ್ಳುತ್ತೇನೆ. ದೊಡ್ಡದೇನೂ ಇರುವುದಿಲ್ಲ. ಸರ್ವೋದಲ್ಲಿ, ಎಂದರೆ ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ, ಹಾಲು ಮುಗಿಯುವ ಮೊದಲು ಒಂದು ಕ್ಯಾನ್ ಸಿಕ್ಕಿತು. ಮಗಳು ಮೊದಲನೇ ಸಲಕ್ಕೇ ಫೋನ್ ಎತ್ತಿದಳು. ಯಜಮಾನರು ಇವತ್ತು ಗೋಡೆ ನೋಡಿಕೊಂಡು ಕೂರಲಿಲ್ಲ. ಇಂಥವು. ಪರ್ತ್‌ನ ಆ ಕೆಟ್ಟ ತಿಂಗಳುಗಳಲ್ಲೂ ಹೇಳಿಕೊಳ್ಳಲು ಏನಾದರೊಂದು ಸಿಗುತ್ತಿತ್ತು.

ಬಾಡಿಗೆ ಮನೆಗೆ ಬಂದ ಹೊಸದರಲ್ಲಿ ಆಂಟಿಗೆ ಎರಡು ಚಪಾತಿ, ಸ್ವಲ್ಪ ಪಲ್ಯ ಕೊಟ್ಟು ಬರೋಣವೆಂದು ಹೋದೆ. ಅವರು ಚಪಾತಿಯನ್ನು ಬೆರಳಲ್ಲಿ ಸವರಿ ನೋಡಿದರು. ಬಾಯಿಗೆ ಇಡುವ ಮೊದಲೇ ಸರಿಯಾಗಿ ಅರ್ಧ ಮಾಡಿ, ಒಂದರ್ಧವನ್ನು ಪೇಪರ್ ನ್ಯಾಪ್‌ಕಿನ್ನಿನಲ್ಲಿ ಸುತ್ತಿ ಪಕ್ಕಕ್ಕಿಟ್ಟರು. ಎಂಜಲು ಮಾಡದೆ ತೆಗೆದಿಟ್ಟರಲ್ಲ, ಎಷ್ಟು ಮಡಿವಂತರು ಎಂದು ನನಗೆ ಅವರ ಮೇಲೆ ಗೌರವ ಬಂತು. ಆಮೇಲೆ ನೋಡಿದರೆ ಬಿಸ್ಕತ್ತಾಗಲಿ, ಬಾಳೆಹಣ್ಣಾಗಲಿ, ಎಲ್ಲಕ್ಕೂ ಹಾಗೇ. ಅರ್ಧ ಒಳಗೆ, ಅರ್ಧ ಪಕ್ಕಕ್ಕೆ. ಆ ಅರ್ಧವನ್ನು ಬೆಳಿಗ್ಗೆ ಬರುವ ಆರೈಕೆಯ ಹುಡುಗಿ ಕಸಕ್ಕೆ ಹಾಕುತ್ತಿದ್ದಳು.

ಅವರು ಹಂಗೆರಿಯ ಯಹೂದಿ ಮನೆತನದವರು. ಹದಿನಾರರ ಹುಡುಗಿಯಾಗಿದ್ದಾಗ ಅಪ್ಪ, ಅಮ್ಮ, ತಂಗಿಯ ಜೊತೆ ಅವರನ್ನು ಗೂಡ್ಸ್ ರೈಲಿಗೆ ತುಂಬಿ ಪೋಲೆಂಡಿನ ನಾಜಿ ಯಾತನಾ ಶಿಬಿರಕ್ಕೆ ಸಾಗಿಸಿದ್ದರು. ಅಪ್ಪ ಅಮ್ಮ ಇಳಿದ ದಿನವೇ ಹೋದರು. ತಂಗಿ ಕೆಲವು ತಿಂಗಳು ಇದ್ದಳು. ಆಂಟಿ ಒಬ್ಬರೇ ಉಳಿದು, ಯುದ್ಧ ಮುಗಿದ ಮೇಲೆ ಹಡಗು ಹತ್ತಿ ಈ ದೇಶಕ್ಕೆ ಬಂದು, ಬಟ್ಟೆ ಹೊಲಿದು, ಮದುವೆಯಾಗಿ, ಒಬ್ಬ ಮಗನನ್ನು ಬೆಳೆಸಿದರು. ಗಂಡ ಇರುವವರೆಗೂ ಆ ವಿಷಯ ಬಾಯಿ ಬಿಟ್ಟಿರಲಿಲ್ಲವಂತೆ. ಅವರು ಹೋದ ಮೇಲೆ ಬರೆಯುವುದನ್ನು ಕಲಿಸುವ ಒಂದು ಕ್ಲಾಸಿಗೆ ಸೇರಿ ಪುಸ್ತಕ ಬರೆದರು. ತೆಳ್ಳಗಿನ ಪುಸ್ತಕ. ಶಾಲೆಗಳಿಗೆ ಕರೆಸಿಕೊಂಡು ಮಕ್ಕಳೆದುರು ಓದಿಸುತ್ತಿದ್ದರಂತೆ.

ಒಂದು ದಿನ ಕೇಳಿದರು. ಮಾತೆಲ್ಲ ಇಂಗ್ಲಿಷಿನಲ್ಲೇ, ಅವರದೊಂದು ಥರದ ಇಂಗ್ಲಿಷು, ನನ್ನದೊಂದು ಥರದ್ದು. ನನ್ನ ಕಿವಿಯಲ್ಲಿ ಉಳಿದ ಹಾಗೆ ಬರೆಯುತ್ತೇನೆ.

“ಡಾರ್ಲಿಂಗ್, ನಿಂಗೆ ಇಂಗ್ಲಿಷ್ ಓದಕ್ಕೆ ಬರತ್ತಲ್ವಾ?”

“ಬರತ್ತೆ ಆಂಟಿ. ಆದ್ರೆ ನಿಧಾನ. ನಾನು ಕನ್ನಡ ಮೀಡಿಯಮ್ಮು.”

“ನಿಧಾನವೇ ಬೇಕು. ನನ್ನ ಮಗ ಓದಿದ್ರೆ ಟಿವೀಲಿ ಹವಾಮಾನ ಹೇಳ್ದಂಗಿರತ್ತೆ.” ಆಮೇಲೆ ಫ್ರಿಜ್ಜಿನ ಕಡೆ ತಿರುಗಿ ನನ್ನನ್ನು ನೋಡಿದರು. “ಮಗ ಅದನ್ನ ಇನ್ನೊಂದ್ಸಲ ಅಚ್ಚು ಹಾಕಿಸ್ತಾನಂತೆ. ಅದರಲ್ಲಿ ಒಂದು ಸುಳ್ಳಿದೆ. ಅಚ್ಚಾಗೋದ್ರೊಳಗೆ ಅದನ್ನ ಸರಿ ಮಾಡ್ಬೇಕು.”

“ಯಾವುದು ಅಂತ ಹೇಳ್ಬಿಡಿ ಆಂಟಿ, ಈಗ್ಲೇ ಸರಿ ಮಾಡೋಣ.”

“ನೇರ ಅಲ್ಲಿಗೇ ಹೋಗಕ್ಕೆ ನನ್ನ ಕೈಲಾಗಲ್ಲ. ಮೊದಲ್ನೇ ಪುಟದಿಂದ ನಡ್ಕೊಂಡೇ ಹೋಗ್ಬೇಕು. ಕೈ ಹಿಡ್ಕೊಳ್ಳಕ್ಕೆ ಯಾರಾದ್ರೂ ಬೇಕು.”

ಹೀಗೆ ಓದು ಶುರುವಾಯಿತು. ಮಧ್ಯಾಹ್ನ ಊಟ ಮುಗಿಸಿ, ಅಡುಗೆ ಕಟ್ಟೆ ಒರೆಸಿ ಹೋಗುತ್ತಿದ್ದೆ. ಸಂಜೆ ದೀಪದ ಹೊತ್ತಿಗೆ ವಾಪಸು.

ನನಗೆ ಗಟ್ಟಿಯಾಗಿ ಓದುವುದು ಹೊಸದಲ್ಲ. ಮೈಸೂರಿನಲ್ಲಿ ನಮ್ಮಮ್ಮ ಮಧ್ಯಾಹ್ನದ ಹೊತ್ತು ವಠಾರದ ಹೆಂಗಸರನ್ನೆಲ್ಲ ಕೂರಿಸಿಕೊಂಡು ಪಾರಾಯಣ ಓದುತ್ತಿದ್ದಳು. ಅಮ್ಮನ ಗಂಟಲು ಕಟ್ಟಿದ ದಿನ ನಾನು ಓದುತ್ತಿದ್ದೆ. ಪಾರಾಯಣಕ್ಕೆ ಒಂದು ನಿಯಮವಿದೆ. ಎಲ್ಲೆಂದರಲ್ಲಿ ಪುಸ್ತಕ ಮುಚ್ಚುವಂತಿಲ್ಲ. ಸಾವಿನ ಹತ್ತಿರ, ಅಗಲಿಕೆಯ ಹತ್ತಿರ, ಮಗು ಕಾಡು ಪಾಲಾದ ಹತ್ತಿರ ಆ ದಿನದ ಓದು ನಿಲ್ಲಬಾರದು. ಹೊತ್ತಾದರೂ ಪರವಾಗಿಲ್ಲ, ಯಾರಾದರೂ ಮನೆ ಸೇರುವವರೆಗೆ, ಮದುವೆಯಾಗುವವರೆಗೆ, ಪಟ್ಟವೇರುವವರೆಗೆ ಓದಬೇಕು. ಅಷ್ಟು ದೂರ ಹೋಗಲು ಆಗದಿದ್ದರೆ ಹಿಂದಕ್ಕೆ ಹೋಗಿ ಒಂದು ಒಳ್ಳೆಯ ಪದ್ಯವನ್ನು ಮತ್ತೆ ಓದಿ, ಮಂಗಳ ಹಾಡಿ, ಆಮೇಲೆ ಮುಚ್ಚಬೇಕು. ಕೇಳಿದವರು ಕೆಟ್ಟದ್ದನ್ನು ಸೆರಗಿಗೆ ಕಟ್ಟಿಕೊಂಡು ಮನೆಗೆ ಹೋಗಬಾರದು ಎನ್ನುತ್ತಿದ್ದಳು ಅಮ್ಮ.

ಆಂಟಿಗೆ ಓದುವಾಗಲೂ ಅದೇ ನಿಯಮ ಹಿಡಿದದ್ದು ನಾನು ಯೋಚನೆ ಮಾಡಿ ಮಾಡಿದ್ದಲ್ಲ. ಆಂಟಿಯ ಅಪ್ಪ ಅಮ್ಮ ರೈಲಿಳಿದೊಡನೆ ಸಾಯಬೇಕಾದವರ ಸಾಲಿಗೆ ಹೋದ ಪುಟ ಬಂದ ದಿನ ಗಡಿಯಾರ ನೋಡಿದೆ, ಹೊತ್ತಾಗಿತ್ತು, ಆದರೆ ಕೈ ಪುಸ್ತಕ ಮುಚ್ಚಲಿಲ್ಲ. ಓದುತ್ತಲೇ ಹೋದೆ. ಮುಂದೆ ಕ್ಯಾಂಪಿನ ಅಡುಗೆ ಮನೆಯ ಹೆಂಗಸೊಬ್ಬಳು ಅಕ್ಕತಂಗಿಯರಿಗೆ ಕಣ್ಣು ತಪ್ಪಿಸಿ ಒಂದು ಬೆಂದ ಆಲೂಗಡ್ಡೆ ಕೊಡುವ ಪುಟವಿತ್ತು. ಅಲ್ಲಿ ನಿಲ್ಲಿಸಿದೆ. ಮಾರನೆಯ ದಿನದ ಪುಟಗಳಲ್ಲಿ ಒಳ್ಳೆಯದು ಯಾವುದೂ ಸಿಗಲಿಲ್ಲ. ಹಿಂದಕ್ಕೆ ಹೋಗಿ ಆಲೂಗಡ್ಡೆಯನ್ನೇ ಇನ್ನೊಮ್ಮೆ ಓದಿ ಮುಚ್ಚಿದೆ. ಅದರ ಮಾರನೆಯ ದಿನವೂ ಅಷ್ಟೇ.

ಆಂಟಿ ಕೆಲವು ದಿನ ಸಹಿಸಿಕೊಂಡರು. ಆಮೇಲೆ ಒಂದು ದಿನ ಟೀ ಲೋಟ ಕೆಳಗಿಟ್ಟು ಕೇಳಿದರು.

“ನೀನು ದಿನಾ ಯಾಕೆ ಆಲೂಗಡ್ಡೆ ಹತ್ರಾನೇ ಬಂದು ನಿಲ್ತೀಯ? ಆ ಆಲೂಗಡ್ಡೆ ಸಿಕ್ಕಿದ್ದು ಒಂದೇ ಸಲ. ನೀನು ಓದೋದು ಕೇಳಿದ್ರೆ ನಾವಲ್ಲಿ ದಪ್ಪಗಾಗಿ ಬಂದ್ವೇನೋ ಅನ್ಸತ್ತೆ.”

ನನಗೆ ನಗು ಬಂದು, ನಕ್ಕಿದ್ದಕ್ಕೆ ನಾಚಿಕೆಯಾಗಿ, ಪಾರಾಯಣದ ವಿಷಯ ಹೇಳಿದೆ. ಅವರು ತಲೆಯಾಡಿಸುತ್ತಾ ಕೇಳಿದರು.

“ನಿಮ್ಮಮ್ಮ ಒಳ್ಳೆ ಹೆಂಗಸು,” ಎಂದರು. “ಆದ್ರೆ ಡಾರ್ಲಿಂಗ್, ಅಲ್ಲಿ ಕತ್ತಲಾಯ್ತು ಅಂತ ಯಾರೂ ನಮ್ಮನ್ನ ಒಳ್ಳೆ ಪುಟದವರೆಗೆ ಕರ್ಕೊಂಡ್ಹೋಗ್ಲಿಲ್ಲ. ಎಲ್ಲಿ ನಿಂತ್ವೋ ಅಲ್ಲೇ ಮಲಗಿದ್ವಿ. ನೀನು ಎಲ್ಲಿಗೆ ಹೊತ್ತಾಗತ್ತೋ ಅಲ್ಲೇ ಮುಚ್ಚು.”

“ನಂಗೆ ಆಗಲ್ಲ ಆಂಟಿ.”

“ಆಗತ್ತೆ. ಎದ್ದು ಮನೆಗೆ ಹೋಗೋದು ಕಷ್ಟ ಏನಲ್ಲ. ಬಾಗಿಲು ತೆಗ್ದಿದೆ, ನೋಡು.”

ಅವತ್ತಿನಿಂದ ಗಡಿಯಾರ ನೋಡಿ ಮುಚ್ಚತೊಡಗಿದೆ. ಒಮ್ಮೆ ವಾಕ್ಯದ ನಡುವೆಯೇ ಹೊತ್ತಾಯಿತು, ಅಲ್ಲೇ ಮುಚ್ಚಿದೆ. ಮನೆಗೆ ಬಂದು ಕೈಕಾಲು ತೊಳೆದು ದೀಪ ಹಚ್ಚಿ ಕುಳಿತರೆ, ಹೇಳಿಕೊಳ್ಳುತ್ತಿದ್ದ ಉಪಕಾರಗಳು ಬಾಯಿಗೆ ಬರಲಿಲ್ಲ. ಹೊಟ್ಟೆ ತುಂಬಾ ಊಟ ಕೊಟ್ಟೆ ದೇವರೇ, ಎಂದೊಡನೆ ಹಾಗಾದರೆ ಅವರಿಗೆ ಕೊಡದೆ ಇದ್ದವನೂ ನೀನೇನಾ ಎಂದು ಒಳಗಿಂದ ಯಾರೋ ಕೇಳಿದ ಹಾಗಾಗುತ್ತಿತ್ತು. ನಾನು ಅಂಥ ಪ್ರಶ್ನೆ ಕೇಳುವ ಮನೆಯಲ್ಲಿ ಹುಟ್ಟಿದವಳಲ್ಲ. ಸುಮ್ಮನೆ ಬತ್ತಿ ಸರಿ ಮಾಡಿ ಎದ್ದುಬರುತ್ತಿದ್ದೆ.

“ಏನೇ, ಸಾರಿಗೆ ಉಪ್ಪೇ ಇಲ್ಲ,” ಎಂದರು ಯಜಮಾನರು ಊಟಕ್ಕೆ ಕೂತು. “ಪಕ್ಕದ್ಮನೇಲಿ ಅತ್ತಿದ್ದನ್ನ ಇಲ್ಲೇ ಪಾತ್ರೆ ಮುಂದೆ ನಿಂತು ಅತ್ತಿದ್ರೆ ಸರಿ ಹೋಗ್ತಿತ್ತು.”

“ನಾನೇನೂ ಅತ್ತಿಲ್ಲ ರೀ.”

“ಆಸ್ಪತ್ರೇಲಿ ನಾನು ದಿನಾ ನೋಡೋದು ಸಾಲ್ದಾ? ಎಂಬತ್ತು ವರ್ಷ ಆಗ್ತಾ ಬಂತು, ಮುಗ್ದೋಗಿರೋ ಕಥೆ. ಬಿಡು ಅಂತೀನಿ.”

ಮುಗಿದಿಲ್ಲ ರೀ, ದಿನಾ ಅರ್ಧ ಚಪಾತಿ ಎತ್ತಿಡ್ತಾರೆ, ಎನ್ನಬೇಕೆನಿಸಿತು. ಆದರೆ ಆಗ ನನಗೂ ಅದರ ಅರ್ಥ ಗೊತ್ತಿರಲಿಲ್ಲ. ಉಪ್ಪಿನ ಡಬ್ಬಿ ಮುಂದಿಟ್ಟೆ.

ಪುಸ್ತಕ ಕೊನೆಯ ಹತ್ತಿರ ಬಂತು. ತಂಗಿಗೆ ಜ್ವರ ಬಂದು ಅವಳನ್ನು ರೋಗಿಗಳ ಬರಾಕಿಗೆ ಹಾಕಿದ್ದರು. ಬರಾಕು ಎಂದರೆ ಹಲಗೆಯ ಉದ್ದನೆಯ ಶೆಡ್ಡು. ಒಳಗೆ ಬಿಡುತ್ತಿರಲಿಲ್ಲ. ಅಕ್ಕ ಸಂಜೆ ತನ್ನ ಪಾಲಿನ ಬ್ರೆಡ್ಡನ್ನು ಅರ್ಧ ತಿಂದು, ಅರ್ಧವನ್ನು ಬಟ್ಟೆಯೊಳಗಿಟ್ಟುಕೊಂಡು ಹಿಂಬದಿಯ ಕಿಟಕಿಗೆ ಹೋಗುತ್ತಿದ್ದಳು. ಒಡೆದ ಗಾಜಿನ ಸಂದಿಯಲ್ಲಿ ಕೊಡುತ್ತಿದ್ದಳು. ಕೊನೆಯ ಸಂಜೆ ತಂಗಿ ಬ್ರೆಡ್ ತೆಗೆದುಕೊಂಡು, ಉಳಿದ ಗಾಜಿಗೆ ಅಂಗೈ ಒತ್ತಿ ನಕ್ಕಳು. ಅಕ್ಕ ಹೊರಗಿನಿಂದ ತನ್ನ ಅಂಗೈ ಒತ್ತಿದಳು. ಆ ರಾತ್ರಿ ರೋಗಿಗಳನ್ನೆಲ್ಲ ಸಾಯಿಸಲು ಒಯ್ದರು. ಬೆಳಿಗ್ಗೆ ಬರಾಕು ಖಾಲಿಯಾಗಿತ್ತು.

ನಾನು ಕಣ್ಣೊರೆಸಿಕೊಂಡೆ. ಎಷ್ಟೋ ದಿನಗಳ ಮೇಲೆ ಮುಚ್ಚಲು ಯೋಗ್ಯವಾದ ಒಂದು ಜಾಗ ಸಿಕ್ಕಿತ್ತು. ಗಾಜಿನ ಎರಡು ಕಡೆ ಎರಡು ಅಂಗೈ.

“ಇಲ್ಲಿ ನಿಲ್ಲಿಸ್ಲಾ ಆಂಟಿ? ಹೊತ್ತೂ ಆಯ್ತು.”

“ಅದೇ ಸುಳ್ಳು,” ಎಂದರು.

ನಾನು ಪುಸ್ತಕದಿಂದ ತಲೆಯೆತ್ತಿದೆ.

“ಆ ಸಂಜೆ ನಾನು ಹೋಗ್ಲೇ ಇಲ್ಲ. ಅರ್ಧ ತಿಂದೆ. ಇನ್ನರ್ಧ ಎದೆ ಹತ್ರ ಇಟ್ಕೊಂಡು ಹೊರಟೆ. ದಾರೀಲಿ ಅದನ್ನೂ ತಿಂದ್ಬಿಟ್ಟೆ. ಯಾರೂ ಕಿತ್ಕೊಳ್ಳಲಿಲ್ಲ, ಯಾರೂ ಹೊಡೀಲಿಲ್ಲ. ನಾನೇ ತಿಂದೆ. ಬರೀ ಕೈಲಿ ಹೋಗಕ್ಕೆ ನಾಚಿಕೆ ಆಯ್ತು. ನಾಳೆ ಪೂರ್ತಿ ಕೊಟ್ಬಿಡೋಣ ಅಂದ್ಕೊಂಡು ವಾಪಸ್ ಬಂದೆ. ಅವಳು ಕಿಟಕಿ ಹತ್ರ ಬಂದಿದ್ಲೋ ಇಲ್ವೋ ಗೊತ್ತಿಲ್ಲ. ಎಷ್ಟು ಹೊತ್ತು ನಿಂತಿದ್ಲೋ. ಅದನ್ನ ನೋಡಿದೋರು ಒಬ್ಬರೂ ಉಳೀಲಿಲ್ಲ.”

“ನಿಮ್ಗೂ ಹಸಿವಿತ್ತಲ್ವಾ ಆಂಟಿ. ದೇವರು ಎಲ್ಲಾ ನೋಡಿರ್ತಾನೆ.”

ಬೇರೆ ಏನು ಹೇಳಲು ನನಗೆ ಬರುತ್ತಿತ್ತು? ಹುಟ್ಟಿದಾಗಿನಿಂದ ಕಲಿತದ್ದು ಅದೊಂದೇ ಸಮಾಧಾನ.

ಅವರು ಫ್ರಿಜ್ಜಿನ ಕಡೆ ತಿರುಗಿದರು. “ನೋಡಿದ್ನಾ? ಹಾಗಾದ್ರೆ ಬಂದು ಹೇಳ್ಲಿ. ನೋಡಿದೋರು ಹೇಳ್ಬೇಕು ಡಾರ್ಲಿಂಗ್. ನೋಡಿ ಸುಮ್ನಿರೋರನ್ನ ಸಾಕ್ಷಿ ಅನ್ನಲ್ಲ.”

ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಯಿತು.

ಓದುವವರಿಗೆ ಕೊನೆಯಲ್ಲಿ ಹಿಡಿದುಕೊಳ್ಳಲು ಏನಾದರೂ ಬೇಕು, ಎಂದಿದ್ದರಂತೆ ಬರೆಯುವುದನ್ನು ಕಲಿಸಿದ ಟೀಚರು. ಆಂಟಿ ಮನೆಗೆ ಬಂದು ಅಂಗೈ ಬರೆದರು. ಬರೆದ ಮೇಲೆ ಕೆಲವು ವರ್ಷ ಅದೇ ನಿಜವೆಂದು ಅನ್ನಿಸುತ್ತಲೂ ಇತ್ತಂತೆ. ಶಾಲೆಯಲ್ಲಿ ಮಕ್ಕಳು ಅತ್ತಿದ್ದು ಆ ಪುಟಕ್ಕೇ. “ಉಳಿದದ್ದೆಲ್ಲಾ ನಿಜ. ಆದ್ರೆ ಇವೆಲ್ಲಾ ನಡೆದೇ ಇಲ್ಲ ಅನ್ನೋರು ಇದ್ದಾರೆ. ಒಂದು ಸುಳ್ಳು ಸಿಕ್ಕಿದ್ರೆ ಸಾಕು ಅವ್ರಿಗೆ. ಅದೂ ಅಲ್ದೆ, ಅವಳು ಕಾದಿದ್ರೆ, ಕಾದಿದ್ದು ನಿಜ. ಅದನ್ನ ಅಳಿಸಿ ನಾನು ನಗು ಬರೆದೆ,” ಎಂದರು.

ಮಾರನೆಯ ದಿನ ಯಜಮಾನರ ಲ್ಯಾಪ್‌ಟಾಪ್ ಒಯ್ದು, ಅವರು ಹೇಳಿದ್ದನ್ನು ಟೈಪು ಮಾಡಿದೆ. ಮಾಡಿ ಓದಿ ಹೇಳಿದೆ.

“ಚೂರು ಬ್ರೆಡ್ ಅಂತ ಹಾಕಿದ್ದೀಯಲ್ಲ. ನಾನು ಚೂರು ಅಂದ್ನಾ?”

“ಇಲ್ಲ ಆಂಟಿ.”

“ಅರ್ಧ. ಅರ್ಧ ಅಂತ ಹಾಕು. ನಂಗೆ ಡಿಸ್ಕೌಂಟ್ ಕೊಡ್ಬೇಡ.”

ತಿದ್ದಿದೆ. ‘ತುಂಬಾ ಹಸಿದಿದ್ದೆ’ ಎಂದು ನಾನು ಸೇರಿಸಿದ್ದನ್ನೂ ತೆಗೆಸಿದರು. ಎಲ್ಲರೂ ಹಸಿದಿದ್ದರು, ಎಂದರು. ಕೊನೆಗೆ ಉಳಿದದ್ದು ಒಂದು ಪುಟವೂ ಇಲ್ಲ. ಅವರೆದುರೇ ಅದನ್ನು ಬ್ರಿಸ್ಬೇನಿನಲ್ಲಿದ್ದ ಅವರ ಮಗನಿಗೆ ಈಮೇಲ್ ಮಾಡಿದೆ. ಅವತ್ತು ಚಪಾತಿಯನ್ನು ಅರ್ಧ ಮಾಡಿ ಎತ್ತಿಟ್ಟಾಗ ನನಗೆ ಅವರ ಕೈ ನೋಡಲಾಗಲಿಲ್ಲ. ಮಡಿ ಅಂದುಕೊಂಡಿದ್ದೆನಲ್ಲ.

ಮಗನಿಂದ, ಸಿಕ್ಕಿದೆ, ನೋಡುತ್ತೇನೆ, ಎಂದು ಉತ್ತರ ಬಂತು.

ಚಳಿಗಾಲದಲ್ಲಿ ಆಂಟಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಯಜಮಾನರು ಕೆಲಸ ಮಾಡುವ ಆಸ್ಪತ್ರೆಗೇ ಸೇರಿಸಿದ್ದರು. ಮುಗಿದ ಕಥೆ ಎಂದಿದ್ದ ಮನುಷ್ಯ, ಶಿಫ್ಟು ಮುಗಿಸಿ ವಾರ್ಡಿಗೆ ಹೋಗಿ, “ಏಸಿ ಗಾಳಿ ಜಾಸ್ತಿ ಆಗ್ತಿದ್ಯಾ ಆಂಟಿ?” ಎಂದು ಕೇಳಿ ಬರುತ್ತಿದ್ದರು. ಆ ದಿನಗಳಲ್ಲಿ ದೇವರ ಮುಂದೆ ಹೇಳಿಕೊಳ್ಳಲು ನನಗೆ ಸಿಕ್ಕಿದ್ದು ಅದೊಂದೇ ಉಪಕಾರ.

ನಾನು ಹೋದಾಗಲೆಲ್ಲ ಆಂಟಿ ಕೇಳುತ್ತಿದ್ದದ್ದೂ ಒಂದೇ ಮಾತು. “ಅಚ್ಚಾಯ್ತಾ?”

“ಆಗ್ತಿದೆಯಂತೆ ಆಂಟಿ.”

“ಅರ್ಧ ಅಂತಾನೇ ಇದ್ಯಲ್ವಾ?”

“ಹೌದು, ಅರ್ಧ ಅಂತಾನೇ.”

ನುಂಗಲು ಆಗದ್ದರಿಂದ ಗಂಜಿಯಂಥದ್ದನ್ನು ಚಮಚದಲ್ಲಿ ಕೊಡುತ್ತಿದ್ದರು. ಅದನ್ನು ಅರ್ಧ ಮಾಡುವುದು ಹೇಗೆ? ಬಟ್ಟಲಲ್ಲಿ ಅರ್ಧ ಉಳಿದಾಗ ಬಾಯಿ ಮುಚ್ಚಿಬಿಡುತ್ತಿದ್ದರು. ನರ್ಸುಗಳು ಹಸಿವಿಲ್ಲ ಎಂದುಕೊಳ್ಳುತ್ತಿದ್ದರು. ಹಾಗೇ ಸೊರಗಿ, ಒಂದು ಬೆಳಿಗ್ಗೆ ಹೋದರು.

ಅವರ ಮಗನನ್ನು ನಾನು ಸರಿಯಾಗಿ ಮಾತಾಡಿಸಿದ್ದು ಅದರ ಮುಂದಿನ ವರ್ಷ, ಬ್ರಿಸ್ಬೇನಿನಲ್ಲಿ. ಮಗಳನ್ನು ನೋಡಲು ಹೋಗಿದ್ದೆ. ಹೊಸ ಪುಸ್ತಕ ಬಂದಿದೆ, ನಿಮಗೊಂದು ಪ್ರತಿ ಕೊಡಬೇಕು, ಎಂದು ಮೆಸೇಜು ಮಾಡಿದ್ದರು. ಇಂಡೂರೂಪಿಲ್ಲಿಯ ಶಾಪಿಂಗ್ ಸೆಂಟರಿನಲ್ಲಿ, ಊಟದ ಅಂಗಡಿಗಳ ಗದ್ದಲದಲ್ಲಿ ಸಿಕ್ಕೆವು. ಅರವತ್ತು ದಾಟಿದ ಮೆದು ಮಾತಿನ ಮನುಷ್ಯ. ನಮ್ಮಿಬ್ಬರಿಗೂ ಕಾಫಿ ತಾವೇ ತಂದರು. ಪುಸ್ತಕ ಚೆನ್ನಾಗಿತ್ತು, ಗಟ್ಟಿ ರಟ್ಟು, ಆಂಟಿಯ ಹಳೆಯ ಫೋಟೋ. ನಾನು ಹಿಂದಿನಿಂದ ತೆರೆದೆ.

ಅಂಗೈ ಅಲ್ಲೇ ಇತ್ತು. ಗಾಜು ಇತ್ತು, ನಗು ಇತ್ತು.

“ಆ ಪುಟ ಬದಲಾಗಿಲ್ಲ,” ಎಂದೆ.

“ಗೊತ್ತು. ಕ್ಷಮಿಸಿ.” ಅವರು ಕಾಫಿಯ ಕಡೆ ನೋಡುತ್ತಾ ಹೇಳಿದರು. “ಕೊನೆಕೊನೆಗೆ ಅಮ್ಮನ ತಲೆ ಸರಿ ಇರ್ಲಿಲ್ಲ.”

“ಸರಿ ಇತ್ತು. ನನ್ನ ಟೈಪಿಂಗ್ ತಪ್ಪನ್ನ ಅವರೇ ಹಿಡೀತಿದ್ರು.”

ಅವರು ಅದನ್ನು ಅಲ್ಲಗಳೆಯಲಿಲ್ಲ. “ನನ್ನ ಮೊಮ್ಮಗಳಿಗೆ ಆ ಚಿಕ್ಕಮ್ಮನ ಹೆಸರೇ ಇಟ್ಟಿದ್ದೀವಿ. ಈಗ ಸ್ಕೂಲಲ್ಲಿ ಅಮ್ಮನ ಬದಲು ಅವಳೇ ಓದ್ತಾಳೆ. ಈ ಪುಟಾನೇ. ಕೊನೇಲಿ ಅಂಗೈ ಎತ್ತಿ ತೋರಿಸ್ತಾಳೆ. ಅವಳಿಗೆ ನಾನೇನು ಹೇಳ್ಲಿ? ನಿನ್ನ ಹೆಸರಿನ ಹುಡುಗಿ ಕಾಯ್ತಾ ನಿಂತಿದ್ಲು, ಯಾರೂ ಬರ್ಲಿಲ್ಲ ಅಂತಾನಾ?” ನನ್ನ ಹಣೆಯ ಕುಂಕುಮ ನೋಡಿದರು. “ನೀವು ದೇವರನ್ನ ನಂಬೋರು. ಅಷ್ಟೊಂದು ಕೆಟ್ಟದ್ರಲ್ಲಿ ಒಂದು ಒಳ್ಳೇದು ಇರ್ಲಿ ಬಿಡಿ. ನಿಮ್ಗೆ ಅರ್ಥ ಆಗತ್ತೆ.”

ನನಗೆ ಅರ್ಥವಾಯಿತು. ಅದೇ ನನ್ನ ಬಾಯಿ ಕಟ್ಟಿತು. ಒಂದಾದರೂ ಒಳ್ಳೆಯದು ಇರಲಿ ಎಂದು ನಾನೇ ದಿನವೂ ಆಲೂಗಡ್ಡೆಗೆ ಹಿಂದಿರುಗುತ್ತಿದ್ದವಳಲ್ಲವೇ? ನಮ್ಮಮ್ಮ ಅಲ್ಲಿ ಕೂತಿದ್ದರೆ, ಮಂಗಳ ಹಾಡುವ ಜಾಗ ಇದೇ ಎಂದು ಕೈ ಮುಗಿಯುತ್ತಿದ್ದಳು. ಥ್ಯಾಂಕ್ಸ್ ಎಂದೆ. ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಂಡೆ.

ಬಸ್ ಸ್ಟಾಪಿನಲ್ಲಿ ಮಗಳಿಗೆ ಎಲ್ಲ ಹೇಳಿದೆ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷು.

“ಅಮ್ಮಾ, ಇಟ್ಸ್ ದೇರ್ ಫ್ಯಾಮಿಲಿ. ಲೆಟ್ ಇಟ್ ಗೋ.”

“ಸಾಯೋವರ್ಗೂ ಕೇಳಿದ್ರು ಕಣೆ, ಅಚ್ಚಾಯ್ತಾ ಅಂತ. ಆಗ್ತಿದೆ ಅಂತ ನಾನು ಹೇಳ್ದೆ.”

“ಯೂ ಡಿಡ್ನಾಟ್ ನೋ.”

ಗೊತ್ತಿರಲಿಲ್ಲ, ನಿಜ. ಅದರಿಂದ ಆಂಟಿಗೆ ಬಂದ ಲಾಭವೇನು?

ಈಗ ಪಕ್ಕದ ಮನೆಯಲ್ಲಿ ಯೂನಿವರ್ಸಿಟಿಯ ಹುಡುಗರಿದ್ದಾರೆ. ಶನಿವಾರ ಮಧ್ಯಾಹ್ನ ಹಿತ್ತಲಲ್ಲಿ ಬಾರ್ಬಿ, ಎಂದರೆ ಮಾಂಸ ಸುಡುವ ಒಲೆ, ಹಚ್ಚುತ್ತಾರೆ, ಹೊಗೆ ನಮ್ಮ ದೇವರ ಕಟ್ಟೆಯವರೆಗೂ ಬರುತ್ತದೆ. ಸಂಜೆ ದೀಪ ಹಚ್ಚುವುದನ್ನು ನಾನು ಬಿಟ್ಟಿಲ್ಲ. ಬಿಡುವ ಧೈರ್ಯ ನನಗಿಲ್ಲ. ಹಚ್ಚಿ ಕೂರುತ್ತೇನೆ, ಏನೂ ಹೇಳಿಕೊಳ್ಳುವುದಿಲ್ಲ. ಅವನೂ ಏನೂ ಹೇಳುವುದಿಲ್ಲ.

ಆಂಟಿಯ ಆ ಮಾತನ್ನು ಕೇಳಿದವಳು ನಾನೊಬ್ಬಳು, ಓದಿ ಪಕ್ಕಕ್ಕಿಟ್ಟವರು ಅವರ ಮಗ. ನಾನು ಹೇಳಿದ ಮಗಳೊಬ್ಬಳನ್ನು ಬಿಟ್ಟರೆ ಇನ್ನು ಯಾರಿಗೂ ಗೊತ್ತಿಲ್ಲ. ಇಂಗ್ಲಿಷಿನಲ್ಲಿ ಬರೆದು ಆ ಮಗುವಿನ ಕೈಗೆ ಸಿಗುವ ಹಾಗೆ ಮಾಡಲು ನನಗೆ ಮನಸ್ಸು ಬರಲಿಲ್ಲ. ಬರೆಯದೆ ಇರಲೂ ಆಗಲಿಲ್ಲ. ಅದಕ್ಕೇ ಅವರ ಮನೆಯಲ್ಲಿ ಯಾರೂ ಓದಲಾರದ ಕನ್ನಡದಲ್ಲಿ, ಯಾರ ಹೆಸರೂ ಹಾಕದೆ ಬರೆಯುತ್ತಿದ್ದೇನೆ. ಇದು ಸಾಕ್ಷಿಯಾಗುತ್ತದೆಯೋ ಇಲ್ಲವೋ ಗೊತ್ತಿಲ್ಲ. ಆಗುವುದಿಲ್ಲ ಎಂದೇ ಅನ್ನಿಸುತ್ತದೆ. ನಾನು ನೋಡಿದವಳಲ್ಲ.

ಆ ಸಂಜೆ ಅಕ್ಕ ಕಿಟಕಿಯ ಹತ್ತಿರ ಹೋಗಲಿಲ್ಲ. ಅರ್ಧ ಬ್ರೆಡ್ಡನ್ನು ದಾರಿಯಲ್ಲಿ ತಿಂದಳು. ತಂಗಿ ಕಿಟಕಿಗೆ ಬಂದಳೋ ಇಲ್ಲವೋ, ಎಷ್ಟು ಹೊತ್ತು ನಿಂತಳೋ, ತಿಳಿಯದು. ಬೆಳಿಗ್ಗೆ ಬರಾಕು ಖಾಲಿಯಾಗಿತ್ತು.

ಇಲ್ಲಿಂದ ನಾನು ಹಿಂದಿನ ಪುಟಕ್ಕೆ ಹೋಗುವುದಿಲ್ಲ.